ಸಾಹಿತ್ಯ ಓದಲು ಹೊರಟ ಮಗಳಿಗೆ

ಪ್ರೀತಿಯ ಮಗಳೇ,

ಸಾಹಿತ್ಯ ಮತ್ತು ಚರಿತ್ರೆಯನ್ನೇ ಓದುತ್ತೇನೆ ಎಂದು ನೀನು ಗಟ್ಟಿ ಮನಸ್ಸು ಮಾಡಿದ್ದು ತುಂಬ ಸಂತೋಷ. ‘ಅದನ್ನು ಓದಿ ಏನು ಮಾಡ್ತೀಯ?’ ಎಂದು ಕೇಳುವವರು ಇನ್ನು ಮೂರು ವರ್ಷ ನಿನಗೆ ಸಿಗುತ್ತಲೇ ಇರುತ್ತಾರೆ. ಅವರಿಗೆ ‘ಮನಸ್ಸು ಅರಳುತ್ತದೆ’ ಎಂಬಂಥ ಉತ್ತರ ಕೊಡಬೇಡ. ಬರೆದಿಟ್ಟ ಮಾತನ್ನು ತೂಗಿ ನೋಡುವ ಕಸುಬು ಕಲಿಯುತ್ತಿದ್ದೇನೆ ಎನ್ನು. ಕಸುಬು ಎಂದ ಮೇಲೆ ಅದಕ್ಕೊಂದು ಕ್ರಮವಿದೆ, ಕೈ ತಪ್ಪುವ ಜಾಗಗಳೂ ಇವೆ. ಈ ಪತ್ರ ಅದರ ಬಗ್ಗೆಯೇ.

ವಾರಕ್ಕೆ ಒಂದೇ ಒಂದು ಸಣ್ಣ ಪದ್ಯ ಅಥವಾ ಹತ್ತಿಪ್ಪತ್ತು ಸಾಲಿನ ಗದ್ಯ ಆರಿಸಿಕೊ. ಅದನ್ನು ಮೂರು ಸಲ ಓದು. ಮೊದಲ ಸಲ ಗಟ್ಟಿಯಾಗಿ, ಕಿವಿಗೆ ಬೀಳುವಂತೆ. ಎರಡನೆಯ ಸಲ ಪೆನ್ಸಿಲ್ ಹಿಡಿದು: ಯಾರು ಯಾರಿಗೆ ಹೇಳುತ್ತಿದ್ದಾರೆ, ಯಾವ ಮಾತು ಮತ್ತೆ ಬಂತು, ಕ್ರಿಯಾಪದಗಳು ಎಲ್ಲಿವೆ ಎಂದು ಗುರುತು ಹಾಕುತ್ತಾ ಹೋಗು. ನಿಘಂಟು ತೆಗೆಯಬೇಕಾದ್ದು ಮೂರನೆಯ ಸಲ. ಆಮೇಲೆ ಮುನ್ನೂರು ಪದ ಮೀರದಂತೆ ಒಂದು ಪುಟ ಬರೆ. ಬೇರೆಯವರ ವಿಮರ್ಶೆ, ಸಾರಾಂಶ, ಗೈಡು ಎಲ್ಲ ಆ ಪುಟ ಮುಗಿದ ಮೇಲೆ. ಈ ಸರದಿ ತಲೆಕೆಳಗಾದರೆ ಕೆಲಸ ಕೆಟ್ಟಂತೆಯೇ. ಸಾರಾಂಶ ಮೊದಲು ಓದಿದರೆ, ಅದರಲ್ಲಿ ಏನು ಇದೆಯೋ ಅಷ್ಟೇ ಕಣ್ಣಿಗೆ ಬೀಳುತ್ತದೆ.

ಒಂದನ್ನು ಇಲ್ಲೇ ಮಾಡಿ ನೋಡೋಣ. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರಲ್ಲಿ ಕೊರೆದ ಒಂದು ಶಾಸನ ಕಪ್ಪೆ ಅರಭಟ್ಟ ಎಂಬ ವೀರನನ್ನು ಹೊಗಳುತ್ತದೆ. ಅದರಲ್ಲಿ ಒಂದು ತ್ರಿಪದಿ ಇದೆ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಗಟ್ಟಿಯಾಗಿ ಹೇಳಿಕೊ. ಸಾಧು, ಬಾಧಿ, ಮಾಧ: ಮೂರೂ ಸಾಲಿನ ಎರಡನೆಯ ಅಕ್ಷರದಲ್ಲಿ ‘ಧ’ಕಾರ ಬಂದಿದೆ. ಇದು ಆದಿಪ್ರಾಸ. ಪೆನ್ಸಿಲ್ ತೆಗೆದುಕೊಂಡು ‘ಗೆ’ಗಳನ್ನು ಎಣಿಸು. ಸಾಧುಗೆ, ಮಾಧುರ್ಯಂಗೆ, ಕಲಿಗೆ, ಒಟ್ಟು ಮೂರು. ಇವನು ಎಂಥವನು ಎಂದು ನೇರವಾಗಿ ಹೇಳುವುದಕ್ಕೆ ಮೊದಲು, ಎದುರಿಗೆ ಬಂದವರಿಗೆ ಇವನು ಏನಾಗುತ್ತಾನೆ ಎಂದು ಶಾಸನ ಹೇಳುತ್ತದೆ. ‘ಈತನ್’ ಎಂಬ ಮಾತು ಬರುವುದೇ ಕೊನೆಯ ಸಾಲಿನಲ್ಲಿ.

ಇನ್ನೂ ಹತ್ತಿರ ಹೋಗು. ಮೊದಲ ಸಾಲು ಕನ್ನಡಿಯ ಹಾಗಿದೆ: ಸಾಧುವಿಗೆ ಸಾಧು, ಮಾಧುರ್ಯಕ್ಕೆ ಮಾಧುರ್ಯ. ಅದೇ ಗುಂಗಿನಲ್ಲಿ ಎರಡನೆಯ ಸಾಲಿಗೆ ಬಂದ ಕಿವಿಗೆ ‘ಕಲಿಗೆ ಕಲಿ’ ಎಂದು ಕೇಳುತ್ತದೆ. ಕನ್ನಡಿ ಮುಂದುವರಿಯಿತು ಅಂದುಕೊಳ್ಳುವಷ್ಟರಲ್ಲಿ ಪದ ಬೆಳೆದು ‘ಕಲಿಯುಗ ವಿಪರೀತನ್’ ಆಗಿಬಿಡುತ್ತದೆ. ಒಳ್ಳೆಯವರಿಗೆ ಸಮಸಮ ಕೊಡುವವನು, ಬಾಧಿಸುವವನ ಮುಂದೆ ಅಳತೆ ಮೀರುತ್ತಾನೆ. ಆ ಮೀರುವಿಕೆ ಪದದ ಒಳಗೇ ನಡೆದಿದೆ. ಮೂರನೆಯ ಸಲ ನಿಘಂಟು ನೋಡಿದರೆ ‘ಪೆರ’ ಎಂದರೆ ಬೇರೆಯವನು ಎಂದು ಗೊತ್ತಾಗುತ್ತದೆ: ಈತ ಮಾಧವನೇ, ಬೇರೆಯಲ್ಲ. ‘ಕಲಿ’ಗೆ ಶೂರ ಎಂಬ ಅರ್ಥವೂ ಇದೆ, ಕಲಿಯುಗದ ಕಲಿಪುರುಷ ಎಂಬ ಅರ್ಥವೂ ಇದೆ. ಇಲ್ಲಿ ಯಾವುದು ಎಂಬುದನ್ನು ಸದ್ಯಕ್ಕೆ ಬಿಟ್ಟಿರುತ್ತೇನೆ.

ಇದೆಲ್ಲ ಪದ್ಯಕ್ಕಾಯಿತು, ಲೋಕಕ್ಕೇನು ಎಂದು ಕೇಳಬಹುದು. ಯಾರಿಗೂ ಓದಲು ಬಾರದೆ ಉಳಿದಿದ್ದ ಪ್ರಾಚೀನ ಬ್ರಾಹ್ಮಿ ಲಿಪಿಯನ್ನು ಓದಲು ಸಾಧ್ಯವಾದದ್ದು ಹೇಗೆ ಎಂಬುದನ್ನು ನೋಡು. 1837ರಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಸಾಂಚಿ ಸ್ತೂಪದ ಕಟಾಂಜನದ ಮೇಲಿದ್ದ ಚಿಕ್ಕಚಿಕ್ಕ ಬರಹಗಳ ಪ್ರತಿಗಳನ್ನು ಸಾಲಾಗಿಟ್ಟು ನೋಡಿದ. ಬಹುಪಾಲು ಬರಹಗಳು ಅವೇ ಎರಡು ಅಕ್ಷರಗಳಿಂದ ಮುಗಿಯುತ್ತಿದ್ದವು. ಸ್ತೂಪದ ಕಲ್ಲುಗಂಬದ ಮೇಲೆ ಜನ ಒಂದೊಂದೇ ಸಾಲು ಏಕೆ ಬರೆಸುತ್ತಾರೆ? ಕೊಟ್ಟದ್ದಕ್ಕೆ ಗುರುತಾಗಿ. ಹಾಗಾದರೆ ಕೊನೆಯ ಪದ ‘ದಾನಂ’ ಇರಬೇಕು, ಅದರ ಹಿಂದಿನ ಅಕ್ಷರ ‘ಇಂಥವರ’ ಎನ್ನುವ ಷಷ್ಠಿಯ ‘ಸ’ ಇರಬೇಕು. ಬೀಗ ತೆರೆದದ್ದು ಅಲ್ಲಿ. ಅಕ್ಷರದ ಆಕಾರವನ್ನಷ್ಟೇ ದಿಟ್ಟಿಸುತ್ತಾ ಕೂತಿದ್ದರೆ ಇದು ಹೊಳೆಯುತ್ತಿರಲಿಲ್ಲ. ಮನುಷ್ಯರು ಎಲ್ಲಿ, ಏನನ್ನು, ಏಕೆ ಬರೆಸುತ್ತಾರೆ ಎಂಬ ತಿಳಿವಳಿಕೆ ಬೇಕಾಯಿತು.

ಅಕ್ಷರ ಓದಲು ಬಂದ ಮೇಲೂ ಒಂದು ಕಗ್ಗಂಟು ಉಳಿಯಿತು. ಈ ಲಿಪಿಯ ಹಲವು ಶಾಸನಗಳಲ್ಲಿ ಬರುವ ‘ದೇವಾನಂಪಿಯ ಪಿಯದಸಿ’ ಎಂಬ ರಾಜ ಯಾರು? ಪ್ರಿನ್ಸೆಪ್ ಮೊದಲು ಸಿಂಹಳದ ಒಬ್ಬ ರಾಜನಿರಬೇಕು ಎಂದುಕೊಂಡ. ಸಿಂಹಳದಲ್ಲೇ ಇದ್ದ ಜಾರ್ಜ್ ಟರ್ನರ್, ಪಾಲಿ ಭಾಷೆಯ ಹಳೆಯ ವಂಶಕಥನದಲ್ಲಿ ಪಿಯದಸಿ ಎಂದರೆ ಅಶೋಕ ಎಂದು ಇರುವುದನ್ನು ತೋರಿಸಿದ. ಕಲ್ಲಿನ ಮೇಲೆಯೇ ಅಶೋಕನ ಹೆಸರು ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಸಾಹಿತ್ಯಕೃತಿ ಒಂದು ಕಡೆ, ಶಾಸನ ಇನ್ನೊಂದು ಕಡೆ. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ತಾಳೆ ನೋಡುವವರು ಇದ್ದುದರಿಂದ ಒಬ್ಬ ಚಕ್ರವರ್ತಿ ಚರಿತ್ರೆಗೆ ಮರಳಿ ಬಂದ.

ಸುಳ್ಳು ದಾಖಲೆ ಹಿಡಿಯುವುದಕ್ಕೂ ಇದೇ ಕಣ್ಣು ಬೇಕು. ಪಶ್ಚಿಮದ ಸಾಮ್ರಾಜ್ಯದ ಅಧಿಕಾರವನ್ನು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಪೋಪರಿಗೆ ಬರೆದುಕೊಟ್ಟ ಎನ್ನುವ ಒಂದು ದಾನಪತ್ರವನ್ನು ಯೂರೋಪು ಶತಮಾನಗಳ ಕಾಲ ನಂಬಿತ್ತು. 1440ರಲ್ಲಿ ಇಟಲಿಯ ವಿದ್ವಾಂಸ ಲೊರೆಂಜೊ ವಲ್ಲಾ ಅದರ ಲ್ಯಾಟಿನ್ ಭಾಷೆಯನ್ನೇ ಹಿಡಿದು ಪರೀಕ್ಷಿಸಿದ. ಕಾನ್‌ಸ್ಟಂಟೈನನ ಕಾಲದ ರೋಮಿನವರು ಬಳಸಲಾರದ ‘ಸತ್ರಪ’ (ಪರ್ಷಿಯಾದ ಪ್ರಾಂತಾಧಿಕಾರಿ) ಎಂಬಂಥ ಪದಗಳು ಅದರಲ್ಲಿದ್ದವು. ದಿನಕ್ಕೆ ಹತ್ತು ಫಾರ್ವರ್ಡ್ ಸಂದೇಶ ಬರುವ ಈ ಕಾಲದಲ್ಲಿ ನೀನು ಕೇಳಬೇಕಾದ ಪ್ರಶ್ನೆಗಳೂ ಅವೇ: ಇದನ್ನು ಯಾರು, ಯಾವಾಗ, ಯಾರಿಗೆ ಬರೆದರು? ಇದು ಆ ಕಾಲದ, ಆ ವ್ಯಕ್ತಿಯ ಮಾತೇ? ಬೇರೊಂದು ಕಡೆಯಿಂದ ಇದಕ್ಕೆ ಸಾಕ್ಷಿ ಇದೆಯೇ?

ಅನುವಾದ ಮಾಡು. ತಿಂಗಳಿಗೆ ಎರಡು ಪುಟ ಸಾಕು. ಇದಕ್ಕಿಂತ ಒಳ್ಳೆಯ ಸಾಣೆಕಲ್ಲು ಇಲ್ಲ. ‘ನಾವು ಹೋಗೋಣ’ ಎಂಬಲ್ಲಿ ಕೇಳುವವರೂ ಸೇರಿದ್ದಾರೆ ಎಂದು ಕ್ರಿಯಾಪದ ತಿಳಿಸುತ್ತದೆ. ಆದರೆ ‘ನಾವು ಬಡವರು’ ಎಂದು ಪಾತ್ರವೊಂದು ಹೇಳಿದರೆ? ತೆಲುಗಿಗೆ ತರುವಾಗ ‘ಮನಂ’ ಎನ್ನಬೇಕೋ ‘ಮೇಮು’ ಎನ್ನಬೇಕೋ ತೀರ್ಮಾನಿಸಲೇಬೇಕು. ಮೊದಲನೆಯದರಲ್ಲಿ ಕೇಳುವವನೂ ಬಡವ, ಎರಡನೆಯದರಲ್ಲಿ ಅವನು ಹೊರಗಿನವನು. ಕನ್ನಡದಲ್ಲಿ ಸರಾಗವಾಗಿ ಓದಿ ಮುಂದೆ ಹೋದ ಸಾಲು ಅಲ್ಲಿ ನಿನ್ನನ್ನು ತಡೆದು ನಿಲ್ಲಿಸುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ‘ನೀನು’ ಮತ್ತು ‘ನೀವು’ ಇದೇ ತೊಡಕು ತರುತ್ತವೆ. ಗಂಡ ಹೆಂಡತಿ, ಯಜಮಾನ ಆಳು, ಇಬ್ಬರು ಅಪರಿಚಿತರು: ಅವರ ನಡುವಿನ ಅಂತರ ಎಷ್ಟು ಎಂದು ನೀನೇ ಅಳೆದು ಹೇಳಬೇಕು.

ಹೆಚ್ಚಿನವರು ಎಡವುವುದು ದೊಡ್ಡ ಪದಗಳಲ್ಲಿ. ಅಸ್ಮಿತೆ, ಅನನ್ಯತೆ, ಸಂವೇದನೆ, ತಲ್ಲಣ. ಬರೆದ ಪುಟದಲ್ಲಿ ಇವು ಕಂಡ ಕಡೆಯೆಲ್ಲ ಪಕ್ಕಕ್ಕೆ ಸಾಲಿನ ಸಂಖ್ಯೆ ಹಾಕು: ಈ ತಲ್ಲಣ ಯಾವ ಸಾಲಿನಲ್ಲಿದೆ? ಸಂಖ್ಯೆ ಹಾಕಲಾಗದಿದ್ದರೆ ಆ ವಾಕ್ಯ ಹೊಡೆದುಹಾಕು. ಇನ್ನೊಂದು ತಪ್ಪು, ಅಭಿಪ್ರಾಯ ಮೊದಲು ಕಟ್ಟಿಕೊಂಡು ಅದಕ್ಕೆ ಒಪ್ಪುವ ಸಾಲುಗಳನ್ನಷ್ಟೇ ಹೆಕ್ಕುವುದು. ಪ್ರತಿ ಪುಟದ ಕೊನೆಗೆ, ನಿನ್ನ ಮಾತಿಗೆ ಅಡ್ಡ ಬರುವ ಒಂದು ಸಾಲನ್ನು ಬರೆದು ಅದಕ್ಕೆ ಉತ್ತರ ಕೊಡುವ ಅಭ್ಯಾಸವಿಟ್ಟುಕೊ.

ಸಾಹಿತ್ಯ ಓದಿದವರೆಲ್ಲ ಒಳ್ಳೆಯವರಾಗುತ್ತಾರೆ ಎಂಬ ಮಾತನ್ನೂ ನಂಬಬೇಡ. ಹಿಟ್ಲರನ ಪ್ರಚಾರ ಸಚಿವ ಗೊಬೆಲ್ಸ್, ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಿಂದ ಜರ್ಮನ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದವನು. ಮಾತಿನ ಶಕ್ತಿ ಗೊತ್ತಿದ್ದವನು ಅದನ್ನು ಯಾವುದಕ್ಕೂ ಬಳಸಬಲ್ಲ. ಹಾಗಾಗಿಯೇ ಆ ಶಕ್ತಿಯನ್ನು ಗುರುತಿಸಬಲ್ಲವರು ಹೆಚ್ಚು ಜನ ಇರಬೇಕು, ಅವರಲ್ಲಿ ನೀನೂ ಒಬ್ಬಳಾಗಬೇಕು ಎಂಬುದು ನನ್ನ ಆಸೆ.

ಕೆಲಸದ ವಿಷಯ. ಬರೀ ಪದವಿ ಪತ್ರ ಯಾರಿಗೂ ಕೆಲಸ ಕೊಡಿಸುವುದಿಲ್ಲ, ಈ ಮಾತು ಸಾಹಿತ್ಯಕ್ಕೆ ಇನ್ನಷ್ಟು ನಿಜ. ಅನುವಾದ, ಸಂಪಾದನೆ, ಪತ್ರಿಕೆ, ಕಾನೂನು, ಪತ್ರಾಗಾರ, ಇವೆಲ್ಲ ಕಡೆಯೂ ಕೇಳುವುದು ನೀನು ಮಾಡಿದ ಕೆಲಸದ ಮಾದರಿಯನ್ನು. ಕರಾರಿನಲ್ಲಿ ‘ಮತ್ತು’ ಇರಬೇಕಾದ ಕಡೆ ‘ಅಥವಾ’ ಬಿದ್ದರೆ ಏನಾಗುತ್ತದೆ ಎಂದು ತಕ್ಷಣ ಕಾಣುವ ಕಣ್ಣಿಗೆ ಬೆಲೆ ಇದ್ದೇ ಇದೆ. ವರ್ಷಕ್ಕೆ ಮೂವತ್ತು ವಾರ ಎಂದರೂ ಮೂರು ವರ್ಷಕ್ಕೆ ತೊಂಬತ್ತು ಪುಟ ಬರೆದಿರುತ್ತೀಯ. ಅದರಲ್ಲಿ ಹತ್ತನ್ನು ಆರಿಸಿ ತಿದ್ದಿ ತೀಡಿ ಇಟ್ಟುಕೊ. ಜೊತೆಗೆ ಒಂದು ಇಡೀ ಕತೆಯ ಅನುವಾದವಿರಲಿ. ಅಂಕಿಅಂಶದ ಪಟ್ಟಿ ಓದುವುದನ್ನೂ ಕಲಿತುಕೊ, ಚರಿತ್ರೆಗೆ ಅದು ಬೇಕೇ ಬೇಕು.

ಮೊದಲ ಪುಟವನ್ನು ಆ ತ್ರಿಪದಿಯ ಮೇಲೆಯೇ ಬರೆ. ಎರಡನೆಯ ಸಾಲಿನ ‘ಕಲಿ’ ಶೂರನೋ, ಕಲಿಪುರುಷನೋ? ಒಂದನ್ನು ಹಿಡಿ, ಕಾರಣ ಆ ಮೂರು ಸಾಲುಗಳ ಒಳಗಿನಿಂದಲೇ ಕೊಡು. ಪುಟದ ಎಡಗಡೆ ಎರಡು ಬೆರಳು ಜಾಗ ಖಾಲಿ ಬಿಟ್ಟು ಕಳಿಸು, ನಾನು ಒಪ್ಪದ ಕಡೆ ಅಲ್ಲಿ ಬರೆಯುತ್ತೇನೆ.

ಪ್ರೀತಿಯಿಂದ,
ಅಮ್ಮ