ಪ್ರೋಗ್ರೆಸ್ ಕಾರ್ಡಿನ ಕೆಳಗೆ ನನ್ನ ಸಹಿ

ಸಾಗರ, ಭಾನುವಾರ

ಪ್ರೀತಿಯ ಪುಟ್ಟಿ,

ನಾವಿಲ್ಲಿ ಎಲ್ಲರೂ ಕ್ಷೇಮ. ಡಾಕ್ಟರು ಕೇಳಿದ್ದಾರೆ ಅಂತ ಹೋದ ತಿಂಗಳು ನಿನ್ನ ಹಳೇ ಪ್ರೋಗ್ರೆಸ್ ಕಾರ್ಡು ಹುಡುಕಿದೆನಲ್ಲ, ಅವತ್ತಿನಿಂದ ನಿನಗೆ ಬರೆಯಬೇಕು ಅಂತಿದ್ದೆ. ಐದು, ಆರು, ಏಳನೇ ಕ್ಲಾಸಿನವು. ಮೂರೂ ವರ್ಷ ಒಂದೇ ಮಾತು: ‘ಜಾಣೆ, ಆದರೆ ಗಮನವಿಲ್ಲ.’ ಕೆಳಗೆ ಪೋಷಕರ ಜಾಗದಲ್ಲಿ ನನ್ನ ಸಹಿ. ಸಹಿ ಹಾಕಿ ನಿನ್ನನ್ನು ಬೈದಿದ್ದೆ. ಸೋಮಾರಿ ಅಂದಿದ್ದೆ. ಅದು ತಪ್ಪು, ಪುಟ್ಟಿ. 34ನೇ ವಯಸ್ಸಿನಲ್ಲಿ ನಿನಗೆ ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆ, ಇದೆ ಅಂತ ಗೊತ್ತಾಯಿತು ಅಂದಾಗ ನನ್ನ ಕಣ್ಣಿಗೆ ಬಂದದ್ದು ಆ ಸಹಿಯೇ.

ಮೊದಲು ಮನಸ್ಸು ಹಗುರ ಆಯ್ತು, ಆಮೇಲೆ ಎರಡು ದಿನ ಅತ್ತೆ ಅಂತ ನೀನು ಹೇಳಿದೆ. ಅಳು ಬಂದರೆ ಅತ್ತುಬಿಡು. ಆದರೆ ಮೊದಲೇ ಗೊತ್ತಾಗಿದ್ದರೆ ಓದು ನಿಲ್ಲುತ್ತಿರಲಿಲ್ಲ ಅನ್ನುವ ಲೆಕ್ಕ ಜಾಸ್ತಿ ಹಾಕಬೇಡ. ಆಗ ಕ್ಲಾಸಿನಲ್ಲಿ ಎದ್ದು ಓಡಾಡುವ ಹುಡುಗರು ಕಣ್ಣಿಗೆ ಬೀಳುತ್ತಿದ್ದರು. ಕಿಟಕಿ ನೋಡುತ್ತಾ ಸುಮ್ನೆ ಕೂತ ಹುಡುಗಿ ಯಾರಿಗೂ ಕಾಣಲಿಲ್ಲ. ಏಳು ವರ್ಷದೊಳಗೇ ಲಕ್ಷಣ ಕಂಡಿರಬೇಕು ಅಂತ ಡಾಕ್ಟರುಗಳ ನಿಯಮವೂ ಇತ್ತಂತೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದನ್ನು ಹನ್ನೆರಡಕ್ಕೆ ಏರಿಸಿದ್ದು 2013ರಲ್ಲಿ. ಅಷ್ಟರಲ್ಲಿ ನೀನು ಕೆಲಸಕ್ಕೆ ಸೇರಿ ಆಗಿತ್ತು.

ಮಾತ್ರೆ, ಅಲಾರಂ ಇಟ್ಟುಕೊಂಡೇ ಬದುಕಬೇಕಾ ದೊಡ್ಡಮ್ಮ ಅಂತ ಕೇಳಿದೆಯಲ್ಲ. ನಿನ್ನ ಅಜ್ಜಿಗೆ ಬಾವಿಕಟ್ಟೆಯಲ್ಲಿ ಏನಾದರೂ ನೆನಪಾದರೆ ತಕ್ಷಣ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಒಮ್ಮೊಮ್ಮೆ ಮೂರು ಗಂಟು ಇರುತ್ತಿತ್ತು. ಒಂದು ಹೆಪ್ಪು ಹಾಕುವುದಕ್ಕೆ, ಒಂದು ಹಾಲಿನವನ ಬಾಕಿಗೆ, ಇನ್ನೊಂದು ಯಾತಕ್ಕೋ. ಅವರನ್ನು ಯಾರೂ ದಡ್ಡಿ ಅನ್ನಲಿಲ್ಲ. ನಿನ್ನ ಅಲಾರಂ, ಬಾಗಿಲಿಗೆ ಅಂಟಿಸಿದ ಚೀಟಿ, ಬೀಗದ ಕೈಗೆ ಅಂತಲೇ ಹೊಡೆದ ಮೊಳೆ, ಅವೂ ಆ ಗಂಟಿನ ಹಾಗೇ ಅಲ್ವಾ?

ಆ ಮಾತ್ರೆ, ಮೀಥೈಲ್‌ಫೆನಿಡೇಟ್, ಡಾಕ್ಟರು ಹೇಳಿದಷ್ಟೇ ತಗೋ. ಹಸಿವು ಸಾಯುತ್ತದೆ, ಹಾಗಾಗಿ ಮೊದಲು ತಿಂಡಿ ತಿನ್ನು. ಬಿಪಿ, ನಾಡಿ ನೋಡಿಸುತ್ತಿರು. ರಾತ್ರಿ ನಿದ್ದೆ ಕೆಟ್ಟರೆ ಅವರಿಗೆ ಹೇಳು, ನೀನಾಗಿ ನಿಲ್ಲಿಸಬೇಡ. ಆಫೀಸಿನಲ್ಲಿ ಎಲ್ಲರಿಗೂ ಹೇಳಬೇಕಾಗಿಲ್ಲ. ಮನೆಯಲ್ಲಿ ನಿನ್ನ ಯಜಮಾನರಿಗೆ ಮಾತ್ರ ಪೂರ್ತಿ ಹೇಳು. ನೀನು ಮರೆತದ್ದನ್ನು ಅವರು ಅಸಡ್ಡೆ ಅಂದುಕೊಂಡು ಎಷ್ಟು ದಿನ ನೊಂದಿದ್ದಾರೋ.

ಇದು ವಂಶದಲ್ಲಿ ಬರುವುದು ಜಾಸ್ತಿ. ಮಗನ ಡೈರಿಯಲ್ಲಿ ನಾಳೆ ಅದೇ ಮಾತು ಬಂದರೆ, ಸಹಿ ಹಾಕುವ ಮೊದಲು ಅವನನ್ನು ಪಕ್ಕ ಕೂರಿಸಿಕೊಂಡು ಕೇಳು. ನಾನು ಕೇಳಲಿಲ್ಲ.

ಇನ್ನೊಂದು ನೆನಪಾಯಿತು. ಒಬ್ಬಳೇ ಕೂತರೆ ನಿನ್ನ ಲೆಕ್ಕ ಮುಗಿಯುತ್ತಲೇ ಇರಲಿಲ್ಲ. ನಾನು ಮೊರದಲ್ಲಿ ಅಕ್ಕಿ ಆರಿಸುತ್ತಾ ಪಕ್ಕ ಕೂತರೆ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದೆ. ನಾನೇನೂ ಹೇಳಿಕೊಡುತ್ತಿರಲಿಲ್ಲ, ಸುಮ್ನೆ ಇರುತ್ತಿದ್ದೆ ಅಷ್ಟೇ. ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಿಡಿಯೋ ಕಾಲ್ ಮಾಡು. ನೀನು ಆ ತೆರಿಗೆ ಕಾಗದ ತೆಗೆದುಕೊಂಡು ಕೂರು, ನಾನು ಮೊರ ಹಿಡಿದು ಕೂರುತ್ತೇನೆ. ಮಾತು ಬೇಡ.

ಇಂತಿ ನಿನ್ನ
ದೊಡ್ಡಮ್ಮ