ಫರ್ನೇಸ್‌ನ ಬೆಲೆಯೇ ಪೂರ್ತಿ ಖರ್ಚಲ್ಲ

ಮಾನ್ಯರೇ,

ಹಿಮ ಬೀಳುವ ಊರುಗಳಲ್ಲಿ ಮನೆಯ ಗ್ಯಾಸ್ ಫರ್ನೇಸ್ (ಗ್ಯಾಸ್ ಸುಟ್ಟು ಗಾಳಿ ಕಾಯಿಸಿ, ಡಕ್ಟ್ ಎಂಬ ತಗಡಿನ ಕೊಳವೆಗಳಲ್ಲಿ ಕೋಣೆಗಳಿಗೆ ಕಳಿಸುವ ಯಂತ್ರ) ಕೈಕೊಡುವುದು ಹೆಚ್ಚಾಗಿ ಕಡು ಚಳಿಯಲ್ಲೇ. ಆಗ ವಿಚಾರಿಸಿ ನೋಡುವ ವ್ಯವಧಾನ ಇರುವುದಿಲ್ಲ. ಎರಡು ಮೂರು ಕೊಟೇಶನ್ ತರಿಸಿ, ಕೊನೆಯ ಸಾಲಿನ ಮೊತ್ತ ನೋಡಿ, ಕಡಿಮೆ ಹೇಳಿದವರಿಗೆ ಕೆಲಸ ಒಪ್ಪಿಸಿಬಿಡುತ್ತಾರೆ. ಆದರೆ ಆ ಮೊತ್ತಗಳ ನಡುವಿನ ಅಂತರಕ್ಕೆ ಎಷ್ಟೋ ಸಲ ಯಂತ್ರ ಕಾರಣವಲ್ಲ. ಒಬ್ಬರು ಬರೆದ ಕೆಲಸವನ್ನು ಇನ್ನೊಬ್ಬರು ಬರೆಯದೆ ಬಿಟ್ಟಿರುತ್ತಾರೆ. ಬಿಟ್ಟದ್ದು ಆಮೇಲೆ ‘ಹೆಚ್ಚುವರಿ’ ಎಂದು ಬಿಲ್ಲಿಗೆ ಸೇರುತ್ತದೆ, ಇಲ್ಲವೇ ಮಾಡದೆಯೇ ಉಳಿಯುತ್ತದೆ. ನಮ್ಮ ಲೆಕ್ಕದಲ್ಲಿ ಎರಡನೆಯದೇ ದುಬಾರಿ.

ಮೊದಲು ಅಳತೆಯ ಮಾತು. ‘ಹಳೆಯದು ಒಂದು ಲಕ್ಷ ಬಿಟಿಯು, ಹೊಸದೂ ಅಷ್ಟೇ ಇರಲಿ’ ಎನ್ನುವುದು ವಾಡಿಕೆ (ಬಿಟಿಯು ಎಂದರೆ ಶಾಖ ಅಳೆಯುವ ಮಾನ). ಹೆಸರಿನ ಫಲಕದ ಮೇಲಿನ ಆ ಅಂಕಿ ಗಂಟೆಗೆ ಸುಡುವ ಇಂಧನದ್ದು, ಮನೆಗೆ ಸಿಗುವ ಬಿಸಿಯದ್ದಲ್ಲ. ಶೇ 80 ದಕ್ಷತೆಯ ಹಳೆಯ ಯಂತ್ರ 80,000 ಬಿಟಿಯು ಕೊಡುತ್ತಿತ್ತು. ಶೇ 96ರ ಹೊಸದು 96,000 ಕೊಡುತ್ತದೆ. ಅಂದರೆ ಗೊತ್ತಿಲ್ಲದೆಯೇ ಐದನೇ ಒಂದು ಪಾಲು ದೊಡ್ಡದನ್ನು ಕೊಂಡಂತಾಯಿತು. ಗಾಳಿಯ ಉಷ್ಣತೆ 50 ಡಿಗ್ರಿ ಫ್ಯಾರನ್‌ಹೀಟ್ ಏರಬೇಕೆಂದರೆ ಮೊದಲಿನದಕ್ಕೆ ನಿಮಿಷಕ್ಕೆ ಸುಮಾರು 1,480 ಘನ ಅಡಿ ಗಾಳಿ ಸಾಕು, ಎರಡನೆಯದಕ್ಕೆ 1,780 ಬೇಕು. ಡಕ್ಟ್ ಮಾತ್ರ ಹಳೆಯದೇ. ಗಾಳಿ 1.2 ಪಟ್ಟಾದರೆ ಡಕ್ಟ್‌ನೊಳಗಿನ ತಡೆ ಸುಮಾರು 1.44 ಪಟ್ಟಾಗುತ್ತದೆ. ಗಾಳಿ ತಳ್ಳುವ ಬ್ಲೋವರ್ ಏದುಸಿರು ಬಿಡುತ್ತದೆ, ಬೆಂಕಿಯ ಬಿಸಿಯನ್ನು ಗಾಳಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಮಿತಿಮೀರಿ ಕಾಯುತ್ತದೆ, ಲಿಮಿಟ್ ಸ್ವಿಚ್ ಬರ್ನರನ್ನು ಆರಿಸುತ್ತದೆ. ಐದೈದು ನಿಮಿಷಕ್ಕೆ ಹತ್ತಿ ಆರುವ ಫರ್ನೇಸ್‌ಗೆ ಆಯುಷ್ಯ ಕಡಿಮೆ.

ಹಳೆಯದು ಇನ್ನೂ ಓಡುತ್ತಿರುವಾಗಲೇ ಒಂದು ಪರೀಕ್ಷೆ ಮಾಡಿಟ್ಟುಕೊಳ್ಳಬಹುದು. ವರ್ಷದ ಅತಿ ಚಳಿಯ ರಾತ್ರಿ, ಮನೆಯ ಉಷ್ಣತೆ ಹೊಂದಿಸುವ ಥರ್ಮೋಸ್ಟ್ಯಾಟ್ ಮುಟ್ಟದೆ, ಒಂದು ಗಂಟೆಯಲ್ಲಿ ಬರ್ನರ್ ಒಟ್ಟು ಎಷ್ಟು ನಿಮಿಷ ಉರಿಯಿತೆಂದು ಬರೆದುಕೊಳ್ಳಿ. 25 ನಿಮಿಷ ಎಂದಾದರೆ, 80,000ದ 60ರಲ್ಲಿ 25 ಭಾಗ, ಸುಮಾರು 33,000 ಬಿಟಿಯು ಮನೆಯ ನಿಜವಾದ ಬೇಡಿಕೆ. ಅದಕ್ಕೆ ಶೇ 15 ಸೇರಿಸಿದರೂ ಫಲಕದ ಮೇಲೆ 40,000 ಎಂದಿರುವ, ಶೇ 96ರ ಯಂತ್ರ ಸಾಕು! ಒಂದೇ ಹಂತದಲ್ಲಿ ಉರಿಯುವ ಫರ್ನೇಸ್‌ಗೆ ಈ ಲೆಕ್ಕ ಸರಿಹೊಂದುತ್ತದೆ. ಕೋಣೆ, ಕಿಟಕಿ, ಗೋಡೆಗಳನ್ನು ಅಳೆದು ಮಾಡುವ ಶಾಖದ ಲೆಕ್ಕಕ್ಕೆ ಇದು ಬದಲಿಯಲ್ಲ, ತಾಳೆ ನೋಡಲು. ಟೇಪು ಹಿಡಿಯದೆ ಕೊಟೇಶನ್ ಬರೆಯುವವರನ್ನು ನಂಬಬೇಡಿ.

ಇನ್ನು ದಕ್ಷತೆ. ಶೇ 80ರಿಂದ 96ಕ್ಕೆ ಹೋದರೆ ಇಂಧನದಲ್ಲಿ ಆರನೇ ಒಂದು ಪಾಲು ಉಳಿಯುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಚಳಿಗಾಲದ ಗ್ಯಾಸ್ ಬಿಲ್ಲಿನಿಂದ ಬೇಸಿಗೆಯ ತಿಂಗಳುಗಳ ಖರ್ಚನ್ನು (ಅಡುಗೆ, ಸ್ನಾನದ ನೀರು) ಕಳೆದು, ಉಳಿದದ್ದನ್ನು ಆರರಿಂದ ಭಾಗಿಸಿ. ಎರಡು ಯಂತ್ರಗಳ ಒಟ್ಟು ಖರ್ಚಿನ ವ್ಯತ್ಯಾಸವನ್ನು ಆ ಅಂಕಿಯಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ಹಣ ಹಿಂದಿರುಗುತ್ತದೆಂದು ಗೊತ್ತಾಗುತ್ತದೆ.

ಆ ವ್ಯತ್ಯಾಸದಲ್ಲಿ ಹೊಗೆಯ ದಾರಿಯ ಖರ್ಚನ್ನು ಮರೆಯುವವರೇ ಹೆಚ್ಚು. ಶೇ 90ಕ್ಕೆ ಮೇಲಿನ ಫರ್ನೇಸ್ ಹೊಗೆಯನ್ನು ಎಷ್ಟು ತಣಿಸುತ್ತದೆಂದರೆ ಅದರಲ್ಲಿನ ಆವಿ ನೀರಾಗಿ ಇಳಿಯುತ್ತದೆ, ಕಡು ಚಳಿಯ ದಿನ ಹಲವು ಲೀಟರ್. ಅದು ಆಮ್ಲೀಯ ನೀರು. ಆದ್ದರಿಂದ ಹಳೆಯ ಚಿಮಣಿ ನಡೆಯದು. ಗೋಡೆಯಿಂದ ಹೊರಹೋಗುವ ಪ್ಲಾಸ್ಟಿಕ್ ಪೈಪ್ ಬೇಕು, ಅಡಿಗೆ ಕಾಲಂಗುಲ ಫರ್ನೇಸ್ ಕಡೆಗೇ ವಾಲಿರಬೇಕು. ಜೊತೆಗೆ ನೀರಿನ ಟ್ರ್ಯಾಪ್ (ಹೊಗೆ ಹೊರಬರದಂತೆ ನೀರು ನಿಲ್ಲುವ ಬಾಗು), ಆಮ್ಲ ತಗ್ಗಿಸಲು ಸುಣ್ಣಕಲ್ಲಿನ ಚೂರು ತುಂಬಿದ ಕೊಳವೆ, ಹತ್ತಿರ ಮೋರಿ ಇಲ್ಲದಿದ್ದರೆ ಪುಟ್ಟ ಪಂಪ್. ನೀರಿನ ಪೈಪನ್ನು ಬಿಸಿಯಿಲ್ಲದ ಜಾಗದಲ್ಲಿ ಎಳೆದರೆ ಅದು ಹೆಪ್ಪುಗಟ್ಟುತ್ತದೆ, ನೀರು ಹಿಂದಕ್ಕೆ ನಿಲ್ಲುತ್ತದೆ, ಪ್ರೆಶರ್ ಸ್ವಿಚ್ ಫರ್ನೇಸನ್ನು ನಿಲ್ಲಿಸುತ್ತದೆ. ಅದೂ ಬೇಕೆಂದೇ ಎಂಬಂತೆ ಅತಿ ಚಳಿಯ ರಾತ್ರಿಯಲ್ಲೇ.

ಇದಕ್ಕಿಂತ ಅಪಾಯದ್ದು ಚಿಮಣಿಯಲ್ಲಿ ಒಂಟಿಯಾಗಿ ಉಳಿಯುವ ವಾಟರ್ ಹೀಟರ್. ಫರ್ನೇಸ್ ಮತ್ತು ಗ್ಯಾಸ್ ವಾಟರ್ ಹೀಟರ್ ಎರಡಕ್ಕೂ ಅಳತೆಮಾಡಿ ಕಟ್ಟಿದ ಚಿಮಣಿ ಒಂದಕ್ಕೇ ಆದಾಗ ಅಗಲ ಜಾಸ್ತಿಯಾಗುತ್ತದೆ. ಹೊಗೆ ಮೇಲೇರುವ ಮುನ್ನವೇ ತಣ್ಣಗಾಗಿ ಒಳಗೋಡೆಗೆ ನೀರು ಹಿಡಿಯುತ್ತದೆ, ಗಾರೆ ಉದುರುತ್ತದೆ, ಕೆಲವೊಮ್ಮೆ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಕ್ಕೇ ತಿರುಗುತ್ತದೆ. ಚಿಮಣಿಯೊಳಗೆ ಸಣ್ಣ ಲೋಹದ ಲೈನರ್ (ಒಳಕೊಳವೆ) ಇಳಿಸಬೇಕು, ಇಲ್ಲವೇ ವಾಟರ್ ಹೀಟರನ್ನೂ ಬದಲಾಯಿಸಬೇಕು. ಕೊಟೇಶನ್‌ನಲ್ಲಿ ಈ ಸಾಲು ಇದೆಯೇ ಎಂದು ಕೇಳಲೇಬೇಕು.

ಹೊಸ ಪೆಟ್ಟಿಗೆಯನ್ನು ಹಳೆ ಡಕ್ಟ್‌ಗೆ ಕೂಡಿಸುವ ತಗಡಿನ ಕೆಲಸ, ಗ್ಯಾಸ್ ಪೈಪಿನ ವಾಲ್ವ್ ಮತ್ತು ಕಸ ಇಳಿಯುವ ತುಂಡು, ಥರ್ಮೋಸ್ಟ್ಯಾಟ್‌ನ ತಂತಿ, ಪರವಾನಗಿ, ಹಳೆಯದನ್ನು ಸಾಗಿಸುವ ಕೂಲಿ, ಇವೂ ಬರಹದಲ್ಲಿರಲಿ. ವಾರಂಟಿ ಓದುವಾಗ ಬಿಡಿಭಾಗಕ್ಕೆ ಎಷ್ಟು ವರ್ಷ, ಕೂಲಿಗೆ ಎಷ್ಟು ಎಂದು ಬೇರೆಬೇರೆ ನೋಡಿ.

ಜೋಡಿಸಿದ ದಿನ ಅವರು ನಾಲ್ಕು ಅಂಕಿ ಬರೆದುಕೊಡಬೇಕು: ಬರ್ನರ್‌ಗೆ ಹೋಗುವ ಗ್ಯಾಸಿನ ಒತ್ತಡ (ನೈಸರ್ಗಿಕ ಅನಿಲಕ್ಕೆ ಸಾಮಾನ್ಯವಾಗಿ 3.5 ಅಂಗುಲ ಎತ್ತರದ ನೀರಿನಷ್ಟು), ಒಳಹೋಗುವ ಮತ್ತು ಹೊರಬರುವ ಗಾಳಿಯ ಉಷ್ಣತೆಯ ಅಂತರ, ಡಕ್ಟ್‌ನ ಸ್ಥಿರ ಒತ್ತಡ (ಗಾಳಿಗೆ ಎದುರಾಗುವ ತಡೆ), ಹೊಗೆಯಲ್ಲಿನ ಮಾನಾಕ್ಸೈಡ್. ಮೊದಲ ಮೂರನ್ನು ಯಂತ್ರದ ಫಲಕದೊಡನೆ ನೀವೇ ಹೋಲಿಸಬಹುದು. ಆ ಚೀಟಿ ಕೈಗೆ ಬಂದ ಮೇಲೆ ಕೊನೆಯ ಕಂತು ಕೊಡಿ.

– ಮನೆ ಬಿಸಿ ವ್ಯವಸ್ಥೆಯ ಕೆಲಸ ಬಲ್ಲ ಓದುಗರು