ಮೊದಲು ನೀರು ಹೊರು, ಆಮೇಲೆ ಕ್ಯಾಮೆರಾ

ಪ್ರೀತಿಯ ಸುನೀತಾ,

ಟಾಂಜಾನಿಯಾದ ಡೊಡೊಮಾಕ್ಕೆ, ಸಿಸ್ಟರುಗಳ ಮಿಷನ್ನಿಗೆ ಆರು ತಿಂಗಳ ಸೇವೆಗೆ ಹೊರಟಿದ್ದೀಯ, ಕ್ಯಾಮೆರಾವನ್ನೂ ಒಯ್ಯುತ್ತೀಯ ಅಂತ ನಿನ್ನ ಅಮ್ಮ ಹೇಳಿದಳು. ಒಯ್ಯಿ. ಆದರೆ ಮೊದಲ ವಾರ ಅದು ಚೀಲದಿಂದ ಹೊರಗೆ ಬರುವುದು ಬೇಡ. ಡಿಸ್ಪೆನ್ಸರಿಯಲ್ಲಿ ಚೀಟಿ ಬರೆ, ಅಡುಗೆಮನೆಯಲ್ಲಿ ಕಾಳು ಆರಿಸು, ಇಪ್ಪತ್ತು ಲೀಟರಿನ ಹಳದಿ ಕ್ಯಾನಿನಲ್ಲಿ ನೀರು ಹೊರು. ನೀನು ಯಾವ ಕೆಲಸದವಳು ಅಂತ ಊರಿಗೆ ಗೊತ್ತಾಗಲಿ. ಬಂದ ದಿನವೇ ಕ್ಯಾಮೆರಾ ಎತ್ತಿದರೆ ಎಲ್ಲರೂ ಮೈ ಬಿಗಿದುಕೊಂಡು ಸಾಲಾಗಿ ನಿಲ್ಲುತ್ತಾರೆ. ದಿನನಿತ್ಯದ ಬದುಕು ಅಲ್ಲಿಗೆ ಮುಗಿಯಿತು.

ಹಿರಿಯರು ಎದುರಾದರೆ ಅಲ್ಲಿನ ಸ್ವಾಹಿಲಿಯಲ್ಲಿ ‘ಶಿಕಮೋ’ ಅನ್ನು. ‘ಕಾಲು ಹಿಡಿದೆ’ ಎಂಬುದೇ ಅದರ ಮೂಲವಂತೆ, ನಿನಗೆ ಕಲಿಯುವುದೇನೂ ಕಷ್ಟವಿಲ್ಲ. ಅವರು ‘ಮರಹಬಾ’ ಎಂದ ಮೇಲೆ ಮನೆ, ಮಕ್ಕಳು, ಮಳೆ ಬೆಳೆ ವಿಚಾರಿಸಿ, ಕೊನೆಗೆ ‘ನವೇಜಾ ಕುಪಿಗಾ ಪಿಚಾ?’, ಅಂದರೆ ಚಿತ್ರ ತೆಗೆಯಬಹುದೇ, ಅಂತ ಕೇಳು. ‘ಹಪಾನ’ ಅಂದರೆ ಬೇಡ; ನಗುತ್ತಾ ಎರಡನೇ ಸಲ ಕೇಳಬಾರದು. ಇನ್ನೊಂದು, ಅಲ್ಲಿ ಗಂಟೆ ಎಣಿಸುವುದು ಸೂರ್ಯೋದಯದಿಂದ. ‘ಸಾ ತಾತು’ ಎಂದರೆ ಮೂರು ಗಂಟೆ, ಅಂದರೆ ನಮ್ಮ ಬೆಳಿಗ್ಗೆ ಒಂಬತ್ತು. ಇದು ತಿಳಿಯದೆ ಮಧ್ಯಾಹ್ನ ಮೂರಕ್ಕೆ ಹೋದವರಿಗೆ ಸಿಗುವುದು ಗುಡಿಸಿದ ಅಂಗಳ ಮಾತ್ರ.

ಭೂಮಧ್ಯರೇಖೆಯ ಹತ್ತಿರ ಸೂರ್ಯ ನೆಟ್ಟಗೆ ಮೇಲೇರುತ್ತಾನೆ. ಮೆತ್ತನೆಯ ಬೆಳಕು ಬೆಳಿಗ್ಗೆ ಸುಮಾರು ಒಂದು ಗಂಟೆ, ಸಂಜೆ ಒಂದು ಗಂಟೆ, ಅಷ್ಟೇ. ಮುಳುಗಿದ ಮೇಲೆ ಅರ್ಧ ಗಂಟೆಯೊಳಗೆ ಕತ್ತಲು. ನಡು ಹಗಲಿನಲ್ಲಿ ಜಗಲಿ, ಮರದ ನೆರಳು, ಬಾಗಿಲ ಹತ್ತಿರ ಕೆಲಸ ಮಾಡು.

ನಿನಗೆ ದಿನಾ ಕಾಡುವ ತೊಂದರೆ ಬಿಳಿ ನಿಲುವಂಗಿಯ ಸಿಸ್ಟರ್ ಪಕ್ಕದಲ್ಲಿ ಕಪ್ಪು ಮೈಬಣ್ಣದ ಮಗು. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರು ಕಂಡದ್ದನ್ನೆಲ್ಲ ನಡು ಬೂದು ಬಣ್ಣ ಮಾಡಲು ನೋಡುತ್ತದೆ. ಚೌಕಟ್ಟಿನ ತುಂಬ ಬಿಳಿ ಬಟ್ಟೆ ಇದ್ದರೆ ಬೆಳಕು ತಗ್ಗಿಸುತ್ತದೆ, ಮಗುವಿನ ಮುಖ ಇದ್ದಿಲಾಗುತ್ತದೆ. ಮುಖವೇ ತುಂಬಿದ್ದರೆ ಬೆಳಕು ಏರಿಸುತ್ತದೆ, ಚರ್ಮ ಬೂದಿ ಬಳಿದ ಹಾಗೆ ಕಾಣುತ್ತದೆ, ಬಟ್ಟೆಯ ನೆರಿಗೆ ಕರಗಿ ಹೋಗುತ್ತದೆ. ಇಬ್ಬರನ್ನೂ ಪೂರ್ತಿ ನೆರಳಿಗೆ ತಾ. ಒಂದೇ ಚುಕ್ಕೆಯ ಬೆಳಕು ಅಳೆಯುವ ಸ್ಪಾಟ್ ಮೀಟರನ್ನು ಬೆಳಕು ಬಿದ್ದ ಕೆನ್ನೆಗೆ ಹಿಡಿ, ಅಲ್ಲಿಂದ ಮುಕ್ಕಾಲು ಅಥವಾ ಒಂದು ಸ್ಟಾಪ್ ಇಳಿಸು; ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ. ಕಪ್ಪಿನಿಂದ ಬಿಳಿಯವರೆಗಿನ ಬೆಳಕು ತೋರಿಸುವ ಹಿಸ್ಟೋಗ್ರಾಮ್ ನಕ್ಷೆಯ ಬಲ ಅಂಚಿಗೆ ಗುಡ್ಡೆ ತಾಗಿದ್ದರೆ ಇನ್ನೂ ಸ್ವಲ್ಪ ಇಳಿಸಬೇಕು. ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲಿನಲ್ಲೇ ತೆಗೆ; ನೆರಳಿನ ಭಾಗವನ್ನು ಆಮೇಲೆ ಎತ್ತಬಹುದು, ಸುಟ್ಟ ಬಿಳಿ ವಾಪಸ್ ಬರುವುದಿಲ್ಲ. ಸಿಸ್ಟರ್ ಬೆಳಕಿನ ಕಡೆ ಮುಖ ಮಾಡಿ ನಿಂತರೆ ಆ ನಿಲುವಂಗಿಯೇ ಮಗುವಿನ ಮುಖಕ್ಕೆ ಬೆಳಕು ಚೆಲ್ಲುತ್ತದೆ. ಫ್ಲ್ಯಾಷ್ ಮುಟ್ಟಬೇಡ, ಹಣೆಯ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ.

ಉಗಾಲಿ ಮಾಡುವುದನ್ನು ತಪ್ಪದೆ ತೆಗೆ. ನಮ್ಮ ಮುದ್ದೆಯ ಥರವೇ, ಆದರೆ ಮೆಕ್ಕೆಜೋಳದ ಹಿಟ್ಟು; ತೊಳಸುವ ಮರದ ಹುಟ್ಟಿಗೆ ‘ಮ್ವಿಕೊ’ ಅನ್ನುತ್ತಾರೆ. ಬಾಗಿಲ ಬೆಳಕು ಪಕ್ಕದಿಂದ ಬೀಳುವಂತೆ ಕೂತು, 35 ಎಂಎಂ ಲೆನ್ಸು, ಲೆನ್ಸಿನ ಕಿಂಡಿ ಎಫ್ 2, ಬೆಳಕಿನ ಸೂಕ್ಷ್ಮತೆ ಐಎಸ್‌ಒ 3200ರಲ್ಲಿ ಶಟರ್ 1/60 ಸೆಕೆಂಡಿನಿಂದ ಶುರು ಮಾಡು. ಕೈ ಸ್ವಲ್ಪ ಮಸುಕಾದರೆ ಆಗಲಿ, ತೊಳಸುವ ಬಿರುಸು ಅದರಲ್ಲೇ ಕಾಣುತ್ತದೆ. ಹಬೆ ನೇರ ಲೆನ್ಸಿಗೆ ಹೊಡೆಯದ ಹಾಗೆ ಒಂದು ಮೊಳ ದೂರ ಇರು. ಕೆಂಪು ದೂಳು ಬೀಸುವಾಗ ಲೆನ್ಸ್ ಬದಲಿಸಬೇಡ, ಬಾಯಿಂದ ಊದಬೇಡ, ಎಂಜಲು ಹಾರುತ್ತದೆ. ರಬ್ಬರ್ ಬ್ಲೋವರ್ ಇಟ್ಟುಕೋ.

ಡಿಸ್ಪೆನ್ಸರಿಯಲ್ಲಿ ರೋಗಿಗಳ ಚಿತ್ರ ಬೇಡವೇ ಬೇಡ. ಸಿಸ್ಟರು ಒಪ್ಪಿದರೂ ಆ ಒಪ್ಪಿಗೆ ರೋಗಿಯದಲ್ಲ. ಎಚ್‌ಐವಿ ಮಾತ್ರೆ ಕೊಡುವ ಕಿಟಕಿಯ ಮುಂದೆ ಬೆನ್ನು ಮಾಡಿ ನಿಂತವಳನ್ನೂ ಊರವರು ಉಟ್ಟ ಬಟ್ಟೆಯ ಬಣ್ಣದಿಂದಲೇ ಗುರುತಿಸುತ್ತಾರೆ. ಮಕ್ಕಳದ್ದಾದರೆ ತಂದೆತಾಯಿಯನ್ನು ಕೇಳು, ಯೂನಿಫಾರ್ಮಿನ ಮೇಲಿನ ಶಾಲೆಯ ಹೆಸರು ಕಾಣದ ಹಾಗೆ ನೋಡಿಕೋ, ಕ್ಯಾಮೆರಾದ ಲೊಕೇಶನ್ ಆಫ್ ಮಾಡು. ದೇಣಿಗೆ ಕೇಳುವ ಪತ್ರಕ್ಕೆ ಮಗು ಅಳುವ ಚಿತ್ರವೇ ಬೇಕು ಅಂತ ಯಾರಾದರೂ ಹೇಳಿದರೆ ಇಲ್ಲ ಅನ್ನು. ಪೊಲೀಸು, ಸೈನ್ಯ, ವಿಮಾನ ನಿಲ್ದಾಣ, ಸೇತುವೆ, ಸರ್ಕಾರಿ ಕಟ್ಟಡದ ಕಡೆ ಕ್ಯಾಮೆರಾ ತಿರುಗಿಸಬೇಡ. ಡೊಡೊಮಾ ರಾಜಧಾನಿ, ಅಂಥವು ಜಾಸ್ತಿ.

ತೆಗೆದ ದಿನವೇ ನೋಟ್‌ಬುಕ್ಕಿನಲ್ಲಿ ಫ್ರೇಮ್ ನಂಬರು, ಹೆಸರು, ಕೆಲಸ ಬರೆ. ಹೆಸರು ಅಲ್ಲೇ ಇರಲಿ, ಆನ್‌ಲೈನಿಗೆ ಹೋಗುವುದು ಬೇಡ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ, ಮಗ್ಗದ ಚಿತ್ರಗಳು ಬಾಸೆಲ್ಲಿನ ಸಂಗ್ರಹದಲ್ಲಿ ಇವತ್ತಿಗೂ ಇವೆ. ಮಗ್ಗ ಚೆನ್ನಾಗಿ ಕಾಣುತ್ತದೆ; ಅದರ ಮುಂದೆ ಕೂತವರು ಯಾರ ಮನೆಯವರು ಅಂತ ಎಷ್ಟೋ ಚಿತ್ರಗಳಲ್ಲಿ ಬರೆದಿಲ್ಲ.

ಪ್ರಿಂಟ್ ಕೊಡುತ್ತೇನೆ ಅಂದರೆ ಕೊಡಲೇಬೇಕು. ಅಲ್ಲೇ ಪ್ರಿಂಟ್ ಹೊರಹಾಕುವ ಇನ್‌ಸ್ಟ್ಯಾಕ್ಸ್ ಕ್ಯಾಮೆರಾ ಒಯ್ಯುವುದಾದರೆ ಒಂದು ಪ್ಯಾಕಿನಲ್ಲಿ ಹತ್ತೇ ಹಾಳೆ, ಲೆಕ್ಕ ಹಾಕಿಕೋ. ಆ ಫಿಲ್ಮನ್ನು ಚೆಕ್-ಇನ್ ಲಗೇಜಿಗೆ ಹಾಕಬೇಡ, ಅಲ್ಲಿನ ಸ್ಕ್ಯಾನರು ಮಸುಕು ಮಾಡುತ್ತದೆ. ಕೈಚೀಲದಲ್ಲಿಟ್ಟು, ಕೈಯಿಂದಲೇ ಪರೀಕ್ಷಿಸಿ ಅಂತ ಕೇಳು. ಹೆಚ್ಚುವರಿ ಬ್ಯಾಟರಿಗಳೂ ಕೈಚೀಲಕ್ಕೇ. ಸಾಮಾನನ್ನು ಪ್ಲಾಸ್ಟಿಕ್ ಕೈಚೀಲದಲ್ಲಿ ಸುತ್ತಬೇಡ, 2019ರ ಜೂನ್ 1ರಿಂದ ಅಲ್ಲಿ ನಿಷೇಧ. ಹಳೆಯ ಪಂಚೆ ಸಾಕು. ಪ್ಲಗ್ಗು ಮೂರು ಚೌಕ ಕಾಲಿನದು, ಅಡಾಪ್ಟರ್ ಎರಡು ಇಟ್ಟುಕೋ.

ನಿನ್ನ ಮಾವ